ಅತ್ತೆ ಕೇಳಿದ ಸ್ಕ್ವಿಡ್

ಮಾರ್ಚ್ 4, ಮಂಗಳವಾರ

ಅತ್ತೆ ಇವತ್ತೂ ಊಟ ಮಾಡಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನವನ್ನು ಈ ಅಂಚಿನಿಂದ ಆ ಅಂಚಿಗೆ ತಳ್ಳಿದರು, ಒಂದು ತುತ್ತನ್ನು ಬಾಯಲ್ಲಿಟ್ಟು ಬಹಳ ಹೊತ್ತು ಹೊರಳಾಡಿಸಿದರು, "ಸಾಕು" ಎಂದು ಎದ್ದರು. ಹಲ್ಲಿನ ಸೆಟ್ಟು ತೆಗೆದು ನೀರಿನ ಲೋಟಕ್ಕೆ ಹಾಕಿದ ಸದ್ದು ಕೇಳಿತು. ಆ ಸೆಟ್ಟು ನಾನೇ ಮಾಡಿಕೊಟ್ಟಿದ್ದು. ಹಲ್ಲು ಕಟ್ಟುವ ಲ್ಯಾಬಿನಲ್ಲಿ ನನ್ನ ಕೆಲಸ. ನಾನು ಈ ಮನೆಗೆ ಬಂದ ಹೊಸದರಲ್ಲಿ ಅತ್ತೆ ಬಂದವರಿಗೆಲ್ಲ ಬಾಯಿ ತೆರೆದು ತೋರಿಸುತ್ತಿದ್ದರು. "ಅತ್ತೆಗೆ ತಾನೇ ಹಲ್ಲು ಮಾಡಿಕೊಟ್ಟು ಕಚ್ಚಿಸಿಕೊಳ್ಳೋ ಸೊಸೇನ ಎಲ್ಲಾದ್ರೂ ನೋಡಿದೀರಾ?" ಎನ್ನುತ್ತಿದ್ದರು. ಈಗ ಆ ಹಲ್ಲು ಲೋಟದೊಳಗೇ ನಗುತ್ತಿರುತ್ತದೆ.

ನಾದಿನಿ ಫೋನ್ ಮಾಡಿದ್ದಳು. "ಈ ತಿಂಗಳು ಮುಗೀಲಿ ಅತ್ತಿಗೆ, ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ. ನಿಮಗೂ ಸ್ವಲ್ಪ ಉಸಿರಾಡೋಕೆ ಜಾಗ ಬೇಕು" ಎಂದಳು. ಬೇಡ ಅನ್ನಬೇಕಿತ್ತೇನೋ. ಅನ್ನಲಿಲ್ಲ. ಹೌದು, ಜಾಗ ಬೇಕು. ಬೆಳಗಿನಿಂದ ಸಂಜೆಯವರೆಗೆ ಅತ್ತೆ ತಮ್ಮ ಕೋಣೆಯಲ್ಲಿ ಕೂತು ಮಗನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು ಇರುವುದು ನನ್ನಿಂದ ಆಗುತ್ತಿಲ್ಲ. "ಕಾಲು ಒರೆಸ್ಕೊಂಡು ಬಾರೋ, ಈಗಷ್ಟೇ ನೆಲ ಒರೆಸಿದಾಳೆ." ಇವತ್ತು ಸಂಜೆ ಬಾಗಿಲ ಕಡೆ ನೋಡಿ ಹೀಗೆಂದರು. ಮೈ ಉರಿದುಹೋಯಿತು.

ನನ್ನ ಗಂಡ ಹೋಗಿ ಒಂದು ವರ್ಷವಾಗುತ್ತ ಬಂತು. ಬಂದರಿನಲ್ಲಿ ನೀರಿಗಿಳಿದು ಹಡಗಿನ ತಳ ರಿಪೇರಿ ಮಾಡುವ ಕೆಲಸ ಅವನದು. ಆವತ್ತು ಬಂದರು ದಾಟಿ ತುಂಬ ದೂರ ಹೋಗಿದ್ದರಂತೆ. ದೋಣಿ ಮಗುಚಿತು. ಜೊತೆಯಲ್ಲಿದ್ದವರು ಈಜಿ ಬಂದರು. ಅವನು ಬರಲಿಲ್ಲ. ಮೈಯೂ ಸಿಗಲಿಲ್ಲ.

ಮಲಗುವ ಮುಂಚೆ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಂತೆ ಬರುತ್ತದೆ.

"ಸ್ಕ್ವಿಡ್ ಕರಿದು ಕೊಡ್ತೀಯಾ? ಅವನು ಮಾಡ್ತಿದ್ದ ಹಾಗೆ?"

"ಈಗ ಸಿಗಲ್ಲ ಅತ್ತೆ. ಕಾಲ ಅಲ್ಲ" ಎಂದೆ. ಸುಳ್ಳು. ಮೀನು ಮಾರ್ಕೆಟ್ಟಿನಲ್ಲಿ ರಾಶಿ ಬಿದ್ದಿರುತ್ತದೆ.

ಮಾರ್ಚ್ 7, ಶುಕ್ರವಾರ

ಸಂಜೆ ಕೆಲಸದಿಂದ ಬಂದು ಬಚ್ಚಲಿಗೆ ಹೋದೆ. ಅವನ ನೀಲಿ ಟವೆಲ್ ಗೂಟದಲ್ಲಿ ನೇತಾಡುತ್ತಿತ್ತು. ಅದನ್ನು ನಾನು ತೆಗೆದಿಲ್ಲ, ತೆಗೆಯಬೇಕೆಂದು ಅನ್ನಿಸಿಯೂ ಇಲ್ಲ. ಮುಖ ಒರೆಸಿಕೊಳ್ಳಲು ಕೈ ಚಾಚಿದವಳು ತಪ್ಪಿ ಅದನ್ನು ಹಿಡಿದೆ.

ಒದ್ದೆಯಾಗಿತ್ತು. ತುದಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಹೊರಗೆ ಬಂದಾಗ ಅತ್ತೆ ಕಿಟಕಿಯ ಹತ್ತಿರ ಕೂತು ನಿದ್ದೆ ಹೋಗಿದ್ದರು.

ಮಾರ್ಚ್ 9, ಭಾನುವಾರ

ಅತ್ತೆ ಮತ್ತೆ ಕೇಳಿದರು. ಎರಡು ದಿನದಿಂದ ಬರೀ ಚಹಾ, ಅದರಲ್ಲಿ ಅದ್ದಿದ ಬ್ರೆಡ್ಡು. ಮಣಿಕಟ್ಟು ನೋಡಿದರೆ ಕೋಲು. ಈ ಸ್ಥಿತಿಯಲ್ಲಿ ಮಗಳ ಮನೆಗೆ ಕಳಿಸಿದರೆ ಸೊಸೆ ಉಪವಾಸ ಕೆಡವಿದಳು ಎನ್ನುತ್ತಾರೆ. ಆದದ್ದಾಗಲಿ ಎಂದು ಚೀಲ ಹಿಡಿದು ಹೊರಟೆ.

ಅವನು ಬಂದರಿನ ಕೆಲಸಕ್ಕೆ ಸೇರುವ ಮುಂಚೆ ಸರಕು ಹಡಗೊಂದರ ಅಡುಗೆಮನೆಯಲ್ಲಿದ್ದ. ಅಲ್ಲಿನ ಮುಖ್ಯ ಅಡುಗೆಯವನು ಇಟಲಿಯವನು. ಪಾತ್ರೆ ಉಜ್ಜಿಸಿ, ಬೈದು, ಕಡೆಗೆ ಒಂದೇ ಒಂದು ತಿಂಡಿಯನ್ನು ಚೆನ್ನಾಗಿ ಕಲಿಸಿ ಕಳಿಸಿದ. ಸ್ಕ್ವಿಡ್ಡನ್ನು ಬಳೆಯಂತೆ ಕತ್ತರಿಸಿ, ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರಿಯುವುದು, ನಿಂಬೆಹಣ್ಣು ಹಿಂಡಿ ಊಟಕ್ಕೆ ಮೊದಲು ತಿನ್ನುವುದು. ರಜೆಯ ದಿನ ಅದನ್ನು ಮಾಡಿದರೆ ನಮಗೆ ಆಮೇಲೆ ಊಟವೇ ಬೇಕಾಗುತ್ತಿರಲಿಲ್ಲ. "ಇದು ಹಸಿವು ಕೆರಳಿಸೋಕೆ ಕಣ್ರೇ, ಹೊಟ್ಟೆ ತುಂಬಿಸೋಕಲ್ಲ" ಎಂದು ತಟ್ಟೆ ಎತ್ತಿ ಹಿಡಿದುಕೊಂಡು ಓಡುತ್ತಿದ್ದ. ಅತ್ತೆ ಅವನ ಹಿಂದೆ.

ಮೀನಿನವಳು ನನ್ನನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ. ಅವಳ ಹಲಗೆಯ ಮೇಲೆ ಸ್ಕ್ವಿಡ್ಡುಗಳು ಒದ್ದೆ ಕೈಚೀಲಗಳ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಎಲ್ಲದರ ಕಣ್ಣೂ ತೆರೆದಿತ್ತು.

"ಇವು ಏನು ತಿಂತಾವೆ?" ಎಂದು ಕೇಳಿದೆ.

"ಸಮುದ್ರದಲ್ಲಿ ಏನು ಸಿಕ್ಕಿದ್ರೂ ತಿಂತಾವಮ್ಮ. ಇದು ಬಿಡ್ತು, ಅದು ಬಿಡ್ತು ಅನ್ನೋ ಹಾಗಿಲ್ಲ" ಎಂದವಳು ನನ್ನ ಮುಖ ನೋಡಿದಳು. ಆಗ ಗುರುತು ಸಿಕ್ಕಿರಬೇಕು. ನಾಲಿಗೆ ಕಚ್ಚಿಕೊಂಡಳು. "ಸಣ್ಣ ಮೀನು, ಸೀಗಡಿ, ಅಷ್ಟೇ" ಎಂದು ಸೇರಿಸಿದಳು.

ಖಾಲಿ ಚೀಲ ಹಿಡಿದು ವಾಪಸು ಬಂದೆ. ಒಂದು ವರ್ಷದಿಂದ ಈ ಮನೆಯೊಳಕ್ಕೆ ಸಮುದ್ರದ ಯಾವುದನ್ನೂ ನಾನು ಯಾಕೆ ತರಲಿಲ್ಲವೋ ಅದನ್ನು ಅವಳು ನಡುಮಾರ್ಕೆಟ್ಟಿನಲ್ಲಿ ಜೋರಾಗಿ ಹೇಳಿಬಿಟ್ಟಿದ್ದಳು.

ಮಾರ್ಚ್ 11, ಮಂಗಳವಾರ

ಟವೆಲ್ ಇವತ್ತೂ ಒದ್ದೆ.

ಮಾರ್ಚ್ 14, ಶುಕ್ರವಾರ

ಮಧ್ಯಾಹ್ನವೇ ತಲೆನೋವೆಂದು ಹೇಳಿ ಲ್ಯಾಬಿನಿಂದ ಬಂದೆ. ಬಾಗಿಲು ಸದ್ದಾಗದಂತೆ ತೆಗೆದೆ. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು. ಇಣುಕಿದರೆ ಅತ್ತೆ. ಟವೆಲನ್ನು ನಲ್ಲಿಯ ಕೆಳಗೆ ಹಿಡಿದು, ಶಕ್ತಿಯಿಲ್ಲದ ಕೈಯಲ್ಲಿ ಅರ್ಧಂಬರ್ಧ ಹಿಂಡಿ, ಗೂಟಕ್ಕೆ ಹಾಕುತ್ತಿದ್ದರು.

"ಏನಿದು ಅತ್ತೆ?"

ಅವರು ಬೆಚ್ಚಲಿಲ್ಲ. "ಒಣಗಿದ ಟವೆಲ್ ನೋಡಿದ್ರೆ ಊರು ಬಿಟ್ಟು ಹೋದವರ ಮನೆ ಅನ್ಸುತ್ತೆ" ಎಂದರು. "ದಿನಾ ಸ್ನಾನ ಮಾಡೋ ಗಂಡಸು ಇದ್ದ ಮನೆ ಇದು."

ಒಂದು ವಾರ ನಾನು ಏನೆಂದುಕೊಂಡಿದ್ದೆ ಎನ್ನುವುದನ್ನು ಅವರಿಗೆ ಹೇಳಲಿಲ್ಲ. ಆ ವಾರವೆಲ್ಲ ನನಗೆ ಒಳ್ಳೆಯ ನಿದ್ದೆ ಬಂದಿತ್ತು. ಇವತ್ತು ಬರುವುದಿಲ್ಲ.

ಅವರನ್ನು ಕೋಣೆಗೆ ಕರೆದುಕೊಂಡು ಹೋಗುವಾಗ ಕೆನ್ನೆ ಎಷ್ಟು ಒಳಗೆ ಹೋಗಿದೆ ಎಂದು ಕಂಡಿತು. ಸೆಟ್ಟು ಹಾಕಿಸಿ ನೋಡಿದೆ, ಲೊಡಲೊಡ ಅನ್ನುತ್ತಿದೆ. ಮೈ ಇಳಿದರೆ ಒಸಡೂ ಇಳಿಯುತ್ತದೆ. ಇದನ್ನಿಟ್ಟುಕೊಂಡು ಅವರು ಬ್ರೆಡ್ಡನ್ನೂ ಅಗಿಯಲಾರರು. ಅಳತೆ ತೆಗೆದುಕೊಂಡೆ. ನಾಳೆ ಸೆಟ್ಟನ್ನು ಲ್ಯಾಬಿಗೆ ಒಯ್ದು ಒಳಗಡೆ ಹೊಸದಾಗಿ ತುಂಬಿಸಬೇಕು.

ಮಾರ್ಚ್ 18, ಮಂಗಳವಾರ

ಸೆಟ್ಟು ಸರಿಯಾಗಿದೆ. ಅತ್ತೆ ಹಲ್ಲಿನಿಂದ ಹಲ್ಲು ಕುಟ್ಟಿ ಟಕಟಕ ಅನ್ನಿಸಿದರು. "ಈಗ ನಿನ್ನನ್ನೇ ತಿಂದುಬಿಡ್ತೀನಿ ನೋಡು" ಎಂದರು. ಎಷ್ಟೋ ಕಾಲದ ಮೇಲೆ ಈ ಮನೆಯಲ್ಲಿ ಯಾರೋ ತಮಾಷೆ ಮಾಡಿದ್ದು.

ಮಧ್ಯಾಹ್ನ ಲ್ಯಾಬಿಗೆ ಫೋನ್ ಬಂತು. ಕರಾವಳಿ ಪೊಲೀಸರು. ಮೀನುಗಾರರ ಬಲೆಯಲ್ಲಿ ಒಂದು ಕೆಳದವಡೆ ಬಂದಿದೆಯಂತೆ, ಮನುಷ್ಯರದು. ಅವನು ಕಾಣೆಯಾದ ಮೊದಲ ದಿನಗಳಲ್ಲೇ ನಾನು ಅವನ ಹಲ್ಲಿನ ಪ್ಲಾಸ್ಟರ್ ಅಚ್ಚನ್ನು ಅವರಿಗೆ ಕೊಟ್ಟಿದ್ದೆ. ಕೆಲಸ ಕಲಿಯುವಾಗ ಅವನ ಬಾಯಿಯಲ್ಲೇ ಅಭ್ಯಾಸ ಮಾಡಿದ್ದವಳು ನಾನು. "ನಮ್ಮ ಡಾಕ್ಟರು ರಜೆಯಲ್ಲಿದಾರೆ. ನೀವೇ ಒಮ್ಮೆ ಬಂದು ನೋಡಿದ್ರೆ ಬೇಗ ತಿಳಿಯುತ್ತೆ. ಬಲವಂತ ಇಲ್ಲ" ಎಂದರು.

ಬರುತ್ತೇನೆ ಎಂದೆ. ಅತ್ತೆಗೆ ಹೇಳಿಲ್ಲ.

ಮಾರ್ಚ್ 19, ಬುಧವಾರ

ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ ಬಳಿದ ಕೋಣೆ. ಮೇಜಿನ ಮೇಲೆ ಉಕ್ಕಿನ ತಟ್ಟೆ, ಅದರ ಮೇಲೆ ಬಿಳಿ ಬಟ್ಟೆ. ಪಕ್ಕದಲ್ಲಿ ನನ್ನ ಪ್ಲಾಸ್ಟರ್ ಅಚ್ಚು, ಅದರ ಬುಡದಲ್ಲಿ ಪೆನ್ಸಿಲ್ಲಿನಲ್ಲಿ ನಾನೇ ಬರೆದ ಅವನ ಹೆಸರು. ಇನ್ಸ್‌ಪೆಕ್ಟರ್ ಒಳ್ಳೆಯವರು, ಕುರ್ಚಿ ಎಳೆದು ಕೊಟ್ಟರು. ನಾನು ಕೂರಲಿಲ್ಲ.

ಬಟ್ಟೆ ತೆಗೆದ ಕೂಡಲೇ ತಿಳಿಯಿತು. ಅವನ ಬಲಗಡೆಯ ದವಡೆ ಹಲ್ಲಿಗೆ ನಾನು ಕ್ಯಾಪ್ ಮಾಡಿಕೊಟ್ಟಿದ್ದೆ. ಇದರಲ್ಲಿ ಆ ಹಲ್ಲು ಕ್ಯಾಪಿಲ್ಲದೆ ಗಟ್ಟಿಮುಟ್ಟಾಗಿ ಹಾಗೇ ಇತ್ತು. ಮುಂದಿನ ಹಲ್ಲುಗಳು ಸಣ್ಣವು, ಸಾಲಾಗಿ ನೆಟ್ಟಗೆ. ಅವನವು ಒಂದರ ಹೆಗಲ ಮೇಲೆ ಒಂದು ಕೈಹಾಕಿ ನಿಂತ ಹಾಗಿದ್ದವು.

"ಅಲ್ಲ" ಎಂದೆ.

"ಚೆನ್ನಾಗಿ ನೋಡಿ ಹೇಳಿ ಮೇಡಂ. ಆತುರ ಇಲ್ಲ."

"ಅಲ್ಲ ಸಾರ್."

ಅವರು ನಿಟ್ಟುಸಿರು ಬಿಟ್ಟು ಬಟ್ಟೆ ಮುಚ್ಚಿದರು. ನಾನು ಮತ್ತೆ ಸರಿಸಿದೆ. ಕೇಳದೆ ಮುಟ್ಟಿದೆ. ಹೆಬ್ಬೆರಳಿನಿಂದ ಆ ಹಲ್ಲಿನ ಸಾಲನ್ನು ಸವರಿದೆ. ಯಾರೋ ದಿನಾ ತಪ್ಪದೆ ಉಜ್ಜಿದ್ದ ಹಲ್ಲು. ಮೂಳೆ ಎಷ್ಟು ನುಣುಪಾಗಿತ್ತೆಂದರೆ ನಾವು ಲ್ಯಾಬಿನಲ್ಲಿ ಗಂಟೆಗಟ್ಟಲೆ ಪಾಲಿಶ್ ಮಾಡಿದರೂ ಅಷ್ಟು ಬರುವುದಿಲ್ಲ. ಮಾಂಸ ಎನ್ನುವುದು ಒಂದು ಎಳೆಯೂ ಉಳಿದಿರಲಿಲ್ಲ. ಎಲ್ಲ ಎಲ್ಲಿಗೆ ಹೋಯಿತು?

ಹೊರಗೆ ಬಂದಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಲ್ಲಿಲ್ಲ ಎಂದರೆ ಇನ್ನೆಲ್ಲೋ ಇರಬೇಕಲ್ಲ.

ದಾರಿಯಲ್ಲಿ ಮಾರ್ಕೆಟ್ಟಿಗೆ ಹೋಗಿ ಸ್ಕ್ವಿಡ್ ಕೊಂಡೆ. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ಫ್ರಿಜ್ಜಿನಲ್ಲಿದೆ.

ಮಾರ್ಚ್ 20, ಗುರುವಾರ

ರಜೆ ಹಾಕಿದೆ. ಅತ್ತೆ ಅಡುಗೆಮನೆಗೆ ಕುರ್ಚಿ ಎಳೆದುಕೊಂಡು ಬಂದು ಕೂತು ಒಂದೊಂದೇ ಹೇಳಿದರು. ತಲೆ ಹಿಡಿದು ಮೆಲ್ಲಗೆ ಎಳೆಯಬೇಕು, ಒಳಗಿನದೆಲ್ಲ ಅದರ ಜೊತೆ ಬರುತ್ತದೆ. ಮಸಿಯ ಚೀಲ ಒಡೆಯಬಾರದು. ಒಡೆಯಿತು. ಮೊಣಕೈವರೆಗೆ ಕಪ್ಪು. ಬೆನ್ನೊಳಗೆ ಒಂದು ಪಾರದರ್ಶಕ ಕಡ್ಡಿ ಇರುತ್ತದೆ, ಪ್ಲಾಸ್ಟಿಕ್ಕಿನ ಹಾಗೆ, ಅದನ್ನೂ ಎಳೆಯಬೇಕು. ನೇರಳೆ ಚರ್ಮ ಸುಲಿದರೆ ಬಿಳಿ ಕೊಳವೆ ಉಳಿಯುತ್ತದೆ. ಅದನ್ನು ಬಳೆ ಬಳೆಯಾಗಿ ಕತ್ತರಿಸುವುದು.

ಪ್ರತಿಯೊಂದರ ಹೊಟ್ಟೆ ಬಿಚ್ಚುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಡೆಗೊಮ್ಮೆ ತೆರೆದು ನೋಡಿದೆ. ಅರೆದ ಬೆಳ್ಳಿಯಂಥ ಪುಡಿ, ಒಂದೆರಡು ಪೊರೆ. ಅಷ್ಟೇ. ಹಿತ್ತಲಿಗೆ ಓಡಿಹೋಗಿ ವಾಂತಿ ಮಾಡಿದೆ.

ಕರಿದದ್ದು ಕೆಟ್ಟಿತು. ಎಣ್ಣೆ ಕಾಯುವ ಮೊದಲೇ ಹಾಕಿದೆ, ಹೆದರಿಕೆಗೆ ಬಹಳ ಹೊತ್ತು ಬಿಟ್ಟೆ. ಅತ್ತೆ ಒಂದನ್ನು ಬಾಯಿಗೆ ಹಾಕಿ ಅಗಿದು, ಅಗಿದು, ಕೈಗೆ ತೆಗೆದುಕೊಂಡರು. "ಚಪ್ಪಲಿಗೆ ಹೊಲಿಸಬಹುದು" ಎಂದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು, "ನಿನ್ನೆ ಎಲ್ಲಿಗೆ ಹೋಗಿದ್ದೆ?"

ಹೇಳಿದೆ. ಎಲ್ಲವನ್ನೂ ಹೇಳಿದೆ, ನುಣುಪಾದ ಮೂಳೆಯ ವಿಷಯವೊಂದನ್ನು ಬಿಟ್ಟು.

"ಅವನಲ್ಲ ತಾನೇ?"

"ಅವನಲ್ಲ."

"ಹಾಗಾದ್ರೆ ಯಾವಳೋ ಇನ್ನೊಬ್ಬಳು ತಾಯಿ ಇದಾಳೆ" ಎಂದರು. ತಟ್ಟೆ ಎತ್ತಿಟ್ಟು ಹೋಗಿ ಮಲಗಿದರು.

ಮಾರ್ಚ್ 23, ಭಾನುವಾರ

ಈ ಸಲ ಸರಿ ಬಂತು. ಕತ್ತರಿಸಿದ ಬಳೆಗಳನ್ನು ಬೆಳಿಗ್ಗೆಯೇ ಹಾಲಿನಲ್ಲಿ ನೆನೆಸಿಟ್ಟಿದ್ದೆ. ಅವನು ಹಾಗೇ ಮಾಡುತ್ತಿದ್ದ ಎಂದು ಅತ್ತೆಗೆ ನೆನಪಾಯಿತು. ಮೈದಾಕ್ಕೆ ಒಂದು ಹಿಡಿ ಸಣ್ಣ ರವೆ, ಉಪ್ಪು, ಕುಟ್ಟಿದ ಮೆಣಸು. ಹಾಲು ಬಸಿದು ಹಿಟ್ಟಿನಲ್ಲಿ ಹೊರಳಿಸಿ, ಜರಡಿಯಲ್ಲಿ ಒದರಿ, ಚೆನ್ನಾಗಿ ಕಾದ ಎಣ್ಣೆಗೆ ಸ್ವಲ್ಪ ಸ್ವಲ್ಪವೇ. ಹೊನ್ನಿನ ಬಣ್ಣ ಬಂತು ಅನ್ನುವಷ್ಟರಲ್ಲಿ ತೆಗೆದುಬಿಡಬೇಕು. ಹೊರಗೆ ಗರಿಗರಿ, ಒಳಗೆ ಮೆತ್ತಗೆ.

ನಿಂಬೆಹಣ್ಣು ಹಿಂಡಿ ಅತ್ತೆಯ ಮುಂದಿಟ್ಟೆ. ನಾನು ನಿಂತೇ ಇದ್ದೆ.

"ನೀನು ತಿನ್ನಲ್ವಾ?"

"ನನಗೆ ಸೇರಲ್ಲ ಅತ್ತೆ."

"ಮೊದ್ಲು ಸೇರ್ತಿತ್ತಲ್ಲ. ನೀನು ಯಾಕೆ ಮೀನು ಬಿಟ್ಟೆ ಅಂತ ನನಗೆ ಗೊತ್ತು. ನಾನು ಯಾಕೆ ಇದನ್ನೇ ಕೇಳ್ತಿದೀನಿ ಅಂತ ನಿನಗೆ ಗೊತ್ತಾ?"

ತಟ್ಟೆಯನ್ನು ಅವರ ಕಡೆ ಇನ್ನಷ್ಟು ಸರಿಸಿದೆ.

"ಅವನು ನನ್ನ ಹೊಟ್ಟೇಲಿ ಇದ್ದವನು" ಎಂದರು ಅತ್ತೆ. "ಸಮುದ್ರದ ಹೊಟ್ಟೇಲಿ ಯಾಕಿರ್ಬೇಕು?"

ಒಂದು ಬಳೆಯನ್ನು ಎತ್ತಿ ಬಾಯಲ್ಲಿಟ್ಟುಕೊಂಡರು. ನಾನು ಮಾಡಿದ ಹಲ್ಲು. ಗರಿಗರಿ ಸದ್ದು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ತಟ್ಟೆ ಅರ್ಧ ಖಾಲಿ ಮಾಡಿದರು. ಬಾಯಿ ಒರೆಸಿಕೊಂಡು, "ಆಯ್ತು. ಇಷ್ಟು ಸಾಕು" ಎಂದು ಎದ್ದರು. ಸಾಯಂಕಾಲ ಅನ್ನ ಕೇಳಿ ಹಾಕಿಸಿಕೊಂಡರು.

ಉಳಿದ ಅರ್ಧ ತಟ್ಟೆ ತಣ್ಣಗಾಗುವವರೆಗೆ ಅದರ ಮುಂದೆ ಕೂತಿದ್ದೆ. ಆಮೇಲೆ ತಿಂದೆ. ಎಲ್ಲವನ್ನೂ.

ಮಾರ್ಚ್ 27, ಗುರುವಾರ

ದಿನಾ ತರುತ್ತಿದ್ದೇನೆ. ಮೀನಿನವಳು ನನಗಾಗಿ ತೆಗೆದಿಡುತ್ತಾಳೆ. ಎಲ್ಲಿ ಹಿಡಿದದ್ದು ಎಂದು ಕೇಳಿ ತೆಗೆದುಕೊಳ್ಳುತ್ತೇನೆ. ದೂರದ್ದಾದರೆ ಒಳ್ಳೆಯದು.

ಕೈ ಪಳಗಿದೆ. ಈಗ ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಹೊಟ್ಟೆಯ ಚೀಲವನ್ನು ಲ್ಯಾಬಿನ ಸಣ್ಣ ಚಾಕುವಿನಿಂದ ಸೀಳಿ, ಬಿಳಿ ಬಟ್ಟಲಲ್ಲಿ ನೀರು ಹಾಕಿ ಬಿಡಿಸುತ್ತೇನೆ. ಸ್ಕ್ವಿಡ್ಡಿಗೆ ಕಾಲುಗಳ ನಡುವೆ ಒಂದು ಕೊಕ್ಕಿರುತ್ತದೆ, ಗಿಣಿಯದರ ಹಾಗೆ, ಮೇಲೊಂದು ಕೆಳಗೊಂದು. ಅದರ ಹಲ್ಲು ಅನ್ನಬೇಕು. ಎಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆಂದರೆ ನಾವು ಮಾಡುವ ಯಾವ ಸೆಟ್ಟೂ ಹಾಗೆ ಕೂಡುವುದಿಲ್ಲ. ಕಚ್ಚಿದ್ದು ಇದೇ ತಾನೇ. ತೊಳೆದು ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಡುತ್ತೇನೆ.

ಅತ್ತೆ ಈಗ ಅನ್ನ, ಸಾರು ಎಲ್ಲ ತಿನ್ನುತ್ತಾರೆ. ಸ್ಕ್ವಿಡ್ ಬೇಡವಂತೆ, ಸಾಕಾಯಿತಂತೆ. ವಯಸ್ಸಾದವರ ಚಪಲ, ಇವತ್ತು ಬೇಕು, ನಾಳೆ ಬೇಡ. ಕರಿದದ್ದನ್ನೆಲ್ಲ ನಾನೇ ತಿನ್ನುತ್ತೇನೆ. ರುಚಿ ಗೊತ್ತಾಗುವುದಿಲ್ಲ. ರುಚಿಗೆಂದು ತಿನ್ನುತ್ತಿಲ್ಲ.

ಮಾರ್ಚ್ 29, ಶನಿವಾರ

ಬಚ್ಚಲಿನ ಟವೆಲ್ ಎರಡು ದಿನದಿಂದ ಒಣಗಿದೆ. ಅತ್ತೆ ಮರೆತುಬಿಟ್ಟಿದ್ದಾರೆ. ನಾನೇ ನೆನೆಸಿ ಹಾಕಿದೆ.

ಮಾರ್ಚ್ 31, ಸೋಮವಾರ

ಸಂಜೆ ಎಣ್ಣೆ ಕಾಯಿಸುತ್ತಿದ್ದಾಗ ಹಿಂದೆ ಅವನು ಗಂಟಲು ಸರಿಮಾಡಿಕೊಂಡ. ಏನಾದರೂ ತಪ್ಪು ತೋರಿಸುವ ಮುಂಚೆ ಹಾಗೆ ಮಾಡುತ್ತಿದ್ದ. "ಎಣ್ಣೆ ಇನ್ನೂ ಕಾದಿಲ್ಲ" ಎಂದ.

"ಗೊತ್ತು ಕಣೋ, ಕಾಯ್ತಿದೀನಿ" ಎಂದೆ.

ತಿರುಗಲಿಲ್ಲ. ತಿರುಗಿದರೆ ಹೋಗುತ್ತಾನೆ ಎಂದು ಗೊತ್ತಿತ್ತು. ಕಡೆಗೆ ತಿರುಗಿದಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಯಾವಾಗ ಬಂದರೋ. "ಯಾರ ಜೊತೆ ಮಾತಾಡ್ತಿದೀಯ?" ಎಂದು ಕೇಳಿದರು. ಅವರು ಕೇಳುವುದೇ ವಿಚಿತ್ರ, ವರ್ಷವಿಡೀ ಮಾತಾಡಿದವರು ಅವರೇ.

ಏಪ್ರಿಲ್ 2, ಬುಧವಾರ

ಲ್ಯಾಬಿನ ಯಜಮಾನರು ಬಹಳ ಒಳ್ಳೆಯವರು. ನಾನು ಮೇಣದಲ್ಲಿ ಜೋಡಿಸಿದ ಒಂದು ಸೆಟ್ಟನ್ನು ಎತ್ತಿ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ಮುಂಭಾಗದ ಹಲ್ಲಿನ ಜಾಗದಲ್ಲಿ ನಾನು ಒಂದು ಕೊಕ್ಕನ್ನು ಕೂರಿಸಿದ್ದೆ, ಹೇಗೆ ಕಾಣುತ್ತದೆ ಎಂದು ನೋಡಲು. ತೆಗೆಯುವುದು ಮರೆತುಹೋಗಿತ್ತು. ಅವರು ಏನೂ ಬೈಯಲಿಲ್ಲ. "ಸ್ವಲ್ಪ ದಿನ ಮನೇಲಿರಮ್ಮ. ಕೆಲಸ ಎಲ್ಲೂ ಓಡಿಹೋಗಲ್ಲ" ಎಂದರು. ಒಳ್ಳೆಯದೇ ಆಯಿತು. ಬೆಳಿಗ್ಗೆ ದೋಣಿಗಳು ಬರುವ ಹೊತ್ತಿಗೇ ಹೋಗಿ ನಾನೇ ಆರಿಸಿ ತರಬಹುದು.

ಸೀರೆ ಸೊಂಟದಲ್ಲಿ ನಿಲ್ಲುತ್ತಿಲ್ಲ, ಪಿನ್ನು ಹಾಕಿಕೊಳ್ಳುತ್ತಿದ್ದೇನೆ. ಬೇಸಿಗೆಗೆ ಹೀಗಾಗುತ್ತದೆ.

ಏಪ್ರಿಲ್ 5, ಶನಿವಾರ

ನಾದಿನಿ ಬಂದಳು, ಅತ್ತೆಯನ್ನು ಕರೆದೊಯ್ಯಲು. ಬಾಗಿಲು ತೆರೆದ ಅತ್ತೆಯನ್ನು ನೋಡಿ, "ಅಮ್ಮಾ, ಮೈ ಕೈ ತುಂಬ್ಕೊಂಡಿದೀಯ" ಎಂದು ನಕ್ಕಳು. ಆಮೇಲೆ ಒಳಗೆ ಬಂದು ನನ್ನನ್ನು ನೋಡಿದಳು. ನಗು ಹಾಗೇ ಮುಖದ ಮೇಲೆ ನಿಂತಿತು.

"ಅತ್ತಿಗೆ, ಹುಷಾರಿಲ್ವಾ?"

"ಚೆನ್ನಾಗಿದೀನಿ. ಕೂತ್ಕೋ, ಕರಿದ ಸ್ಕ್ವಿಡ್ ಇದೆ" ಎಂದೆ.

ನೀರು ಕುಡಿಯಲು ಅಡುಗೆಮನೆಗೆ ಹೋದವಳ ಕೈಯಿಂದ ಲೋಟ ಬಿದ್ದ ಸದ್ದಾಯಿತು. ಕಿಟಕಿಯ ಕಟ್ಟೆಯ ಮೇಲಿನ ಕೊಕ್ಕುಗಳನ್ನು ನೋಡಿದ್ದಳು. ಈಗ ಅವು ಮೂರು ಸಾಲಾಗಿವೆ. ಅವುಗಳ ಪಕ್ಕ ಹೊಟ್ಟೆಯೊಳಗಿನದನ್ನು ತೆಗೆದಿಟ್ಟ ಬಟ್ಟಲುಗಳನ್ನೂ ನೋಡಿದಳು. ಒಣಗಲು ಇಟ್ಟಿದ್ದೇನೆ ಎಂದು ವಿವರಿಸಿದೆ. ಅಷ್ಟಕ್ಕೆ ಯಾಕೆ ಅಳಬೇಕೋ ತಿಳಿಯಲಿಲ್ಲ. ಅವಳು ಮೊದಲಿನಿಂದಲೂ ಅಳುಮುಂಜಿ.

ತಾಯಿ ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದರು. ತೆಳು ಗೋಡೆ, ಎಲ್ಲ ಕೇಳಿಸುತ್ತದೆ.

"ಇವಳನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ" ಎಂದರು ಅತ್ತೆ.

"ಅಮ್ಮಾ, ಇದು ನೀನು ನೋಡ್ಕೊಳ್ಳೋ ವಿಷಯ ಅಲ್ಲ. ಡಾಕ್ಟರಿಗೆ ತೋರಿಸ್ಬೇಕು."

"ತೋರಿಸು. ವಿಚಾರಿಸಿ ಹೇಳು, ಜೊತೇಲಿ ನಾನೇ ಹೋಗ್ತೀನಿ. ಆದ್ರೆ ಬಾಯಿ ಬಿಟ್ಟು ಹುಚ್ಚು ಅಂದ್ರೆ ನೋಡು."

ಪಾಪ, ಅತ್ತೆ. ನನ್ನನ್ನು ಬಿಟ್ಟಿರಲು ಅವರಿಂದ ಆಗುವುದಿಲ್ಲ. ಇರಲಿ, ಇರಲಿ. ಅವರಿಂದ ನನಗೇನು ತೊಂದರೆ.

ಏಪ್ರಿಲ್ 8, ಮಂಗಳವಾರ

ಇವತ್ತು ಒಂದರ ಹೊಟ್ಟೆಯಲ್ಲಿ ನೀಲಿ ದಾರದ ಎಳೆ ಸಿಕ್ಕಿತು. ಬಲೆಯದಿರಬಹುದು. ಅವನ ಕೆಲಸದ ಅಂಗಿಯ ಬಣ್ಣವೂ ನೀಲಿ. ಬೆಳಕಿಗೆ ಹಿಡಿದು ಸಂಜೆಯವರೆಗೆ ನೋಡಿದೆ. "ನಿಂದಾ?" ಎಂದು ಕೇಳಿದೆ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಗಂಟಲು ಸರಿಮಾಡಿಕೊಂಡ ಅಷ್ಟೇ.

ಏಪ್ರಿಲ್ 9, ಬುಧವಾರ

ಅತ್ತೆ ಆ ಎಳೆಯನ್ನು ನೋಡಿದರು. ಏನೆಂದು ಕೇಳಲಿಲ್ಲ. ನನ್ನ ಪಕ್ಕ ನೆಲದ ಮೇಲೇ ಕೂತರು, ಮಂಡಿ ನೋವಿದ್ದರೂ.

"ನಾನು ಆವತ್ತು ಸಮುದ್ರದ ಹೊಟ್ಟೆ ಅಂತ ಒಂದು ಮಾತು ಆಡಿದೆ" ಎಂದರು. "ಅಂದೆ, ತಿಂದೆ, ಅತ್ತುಬಿಟ್ಟೆ, ಅಲ್ಲಿಗೆ ಮುಗೀತು. ನೀನು ಅದನ್ನ ಉದ್ಯೋಗ ಮಾಡ್ಕೊಂಡೆ."

"ನೀವೂ ಅವನ ಜೊತೆ ಮಾತಾಡ್ತಿದ್ರಿ."

"ಮಾತಾಡ್ತಿದ್ದೆ. ಅವನು ಉತ್ತರ ಕೊಡಲ್ಲ ಅಂತ ಗೊತ್ತಿದ್ದೇ ಮಾತಾಡ್ತಿದ್ದೆ. ನಿನಗೆ ಉತ್ತರ ಕೇಳಿಸ್ತಿದೆ ಮಗಾ. ಅದು ಬೇರೆ."

ನನಗೆ ಕೋಪ ಬಂತು. ಅವರಿಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ, ಅದಕ್ಕೆ ಹೊಟ್ಟೆಕಿಚ್ಚು ಎಂದುಕೊಂಡೆ. ಹಾಗೆ ಹೇಳಿಯೂಬಿಟ್ಟೆ. ಅವರು ಏಳಲಿಲ್ಲ. ಕತ್ತಲಾಗುವವರೆಗೆ ಪಕ್ಕದಲ್ಲೇ ಕೂತಿದ್ದರು. ಲೈಟು ಹಾಕಲು ಇಬ್ಬರೂ ಏಳಲಿಲ್ಲ.

ಏಪ್ರಿಲ್ 11, ಶುಕ್ರವಾರ

ನಾದಿನಿ ಹೇಳಿದ ಡಾಕ್ಟರ ಹತ್ತಿರ ಹೋದೆವು. ಅತ್ತೆ ನನ್ನ ಕೈ ಬಿಡಲೇ ಇಲ್ಲ, ಸಂತೆಯಲ್ಲಿ ಮಗುವಿನ ಕೈ ಹಿಡಿದ ಹಾಗೆ. ಡಾಕ್ಟರು ನಿದ್ದೆಗೆ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬರಬೇಕೆಂದರು. "ಅವರು ಸಿಗಲ್ಲ ಅಂತ ನಿಮಗೆ ಯಾರಾದ್ರೂ ನೇರವಾಗಿ ಹೇಳಿದಾರಾ?" ಎಂದು ಕೇಳಿದರು. ಯೋಚಿಸಿದೆ. ಯಾರೂ ಹೇಳಿರಲಿಲ್ಲ.

"ಸಿಗಲ್ಲಮ್ಮ" ಎಂದರು ಡಾಕ್ಟರು.

ನನ್ನ ಪಕ್ಕದಲ್ಲಿ ಅತ್ತೆ ಬಿಕ್ಕಿದರು. ಅವರಿಗೂ ಯಾರೂ ಹೇಳಿರಲಿಲ್ಲ ಎಂದು ಆಗ ಗೊತ್ತಾಯಿತು.

ಏಪ್ರಿಲ್ 13, ಭಾನುವಾರ

ಬೆಳಿಗ್ಗೆ ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಮಾತ್ರೆಯ ನಿದ್ದೆ. ದೋಣಿ ಬರುವ ಹೊತ್ತು ಮೀರಿಹೋಗಿತ್ತು. ಚೀಲ ಹುಡುಕಿದರೆ ಇಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಅದನ್ನು ಹಿಡಿದು ಏದುಸಿರು ಬಿಡುತ್ತ ಬಂದರು. ತಾವೇ ಮಾರ್ಕೆಟ್ಟಿಗೆ ಹೋಗಿ ಬಂದಿದ್ದರು.

"ಇವತ್ತು ನಾನು ಮಾಡ್ತೀನಿ. ನೀನು ಆ ಕುರ್ಚೀಲಿ ಕೂತ್ಕೋ."

ಕೂತೆ. ತಲೆ ಎಳೆದರು, ಒಳಗಿನದು ಬಂತು, ಅದನ್ನು ನೋಡದೆ ಕಸದ ಬುಟ್ಟಿಗೆ ಎಸೆದರು.

"ಅತ್ತೆ, ನೋಡ್ಲಿಲ್ಲ ನೀವು" ಎಂದೆ.

"ಕರುಳಲ್ಲಿ ನೋಡೋದೇನಿದೆ."

ಇನ್ನೊಂದನ್ನು ಎಳೆದರು, ಎಸೆದರು. ನನ್ನ ಕಾಲು ತಾನಾಗಿ ಎದ್ದಿತು. ಬುಟ್ಟಿಯ ಹತ್ತಿರ ಬಗ್ಗಿ ಕೈ ಹಾಕುವಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದರು. ಮಸಿ ಮೆತ್ತಿದ ಕೈ. ಅಷ್ಟು ಬಲ ಅವರಿಗೆ ಎಲ್ಲಿಂದ ಬಂತೋ.

"ಬಿಡಿ ಅತ್ತೆ."

"ಬಿಡಲ್ಲ."

"ಅದರಲ್ಲಿ ಇದ್ರೆ? ಎಸೆದುಬಿಟ್ರೆ?"

"ಇದ್ರೂ ನಮಗೆ ಗೊತ್ತಾಗಲ್ಲ ಮಗಾ" ಎಂದರು. "ಅವನು ಎಷ್ಟು ಸಣ್ಣ ಆಗಿದಾನೆ ಅಂದ್ರೆ ನಿನ್ನ ಕಣ್ಣಿಗೂ ಸಿಗಲ್ಲ, ನನ್ನ ಕಣ್ಣಿಗೂ ಸಿಗಲ್ಲ. ನಾನು ಹೆತ್ತವಳು ಹೇಳ್ತಿದೀನಿ. ಸಾಕು ಮಾಡು."

ನಾನು ಎಳೆದೆ, ಅವರು ಬಿಡಲಿಲ್ಲ. ಹಾಗೇ ಇಬ್ಬರೂ ನೆಲಕ್ಕೆ ಕುಸಿದೆವು. ಬುಟ್ಟಿ ಮಗುಚಿ ಎಲ್ಲ ಚೆಲ್ಲಿತು. ಆಮೇಲೆ ನಾನು ಅತ್ತುಬಿಟ್ಟೆ. ದೋಣಿ ಮಗುಚಿತು ಎಂದು ಹೇಳಲು ಅವನ ಜೊತೆಯವರು ಬಂದ ದಿನವೂ ನಾನು ಹೀಗೆ ಅತ್ತಿರಲಿಲ್ಲ. ಅತ್ತೆ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ನನ್ನ ಕೂದಲಿಗೆಲ್ಲ ಮಸಿ.

ಚೆಲ್ಲಿದ್ದನ್ನು ನಾನೇ ಬಳಿದು ಕಾಗದದಲ್ಲಿ ಸುತ್ತಿದೆ. ಕಿಟಕಿಯ ಕಟ್ಟೆಯ ಮೇಲಿದ್ದದ್ದನ್ನೂ ಅದಕ್ಕೆ ಸುರಿದೆ. ಬಿಚ್ಚಿ ನೋಡಬೇಕೆಂದು ಬೆರಳು ಮಿಡಿಯುತ್ತಿತ್ತು. ಅತ್ತೆ ಬಾಗಿಲವರೆಗೆ ಬಂದು ನಿಂತರು. ಬೀದಿಯ ಕೊನೆಯ ತೊಟ್ಟಿಗೆ ಹಾಕಿ ಬಂದೆ. ಬರುವಾಗ ಎರಡು ಸಲ ಹಿಂದಿರುಗಿ ನೋಡಿದೆ. ಬೆಕ್ಕೊಂದು ಅದರ ಹತ್ತಿರ ಹೋಗುತ್ತಿತ್ತು.

ಅತ್ತೆ ಅಷ್ಟರಲ್ಲಿ ಕರಿಯಲು ಶುರುಮಾಡಿದ್ದರು. ಬಾಣಲೆಯ ಮೊರೆತದ ನಡುವೆ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. ನಾನು ಕತ್ತು ಓರೆ ಮಾಡಿದ್ದನ್ನು ಅತ್ತೆ ನೋಡಿದರು. ಜಾಲರಿ ಸೌಟು ಹಾಗೇ ಕೈಯಲ್ಲಿತ್ತು.

"ಏನಂದ?"

ಕಿವಿಗೊಟ್ಟು ಕೇಳಿದೆ. ಬಹಳ ಹೊತ್ತು ಕೇಳಿದೆ.

"ಏನಿಲ್ಲ" ಎಂದೆ. "ಎಣ್ಣೆ ಸದ್ದು."

ಅವರು ಮತ್ತೇನೂ ಕೇಳದೆ ತಟ್ಟೆಗೆ ಹಾಕಿ, ನಿಂಬೆಹಣ್ಣು ಹಿಂಡಿ, ಮೇಜಿನ ನಡುವೆ ಇಟ್ಟರು. ಎದುರು ಬದುರು ಕೂತೆವು. ಒಂದನ್ನು ಎತ್ತಿ ಬಾಯಲ್ಲಿಟ್ಟುಕೊಂಡೆ. ಅಂಚು ಗರಿಗರಿಯಾಗಿತ್ತು, ಒಳಗೆ ಮೆತ್ತಗಿತ್ತು, ಎಷ್ಟೋ ದಿನದ ಮೇಲೆ ಮೆಣಸು ನಾಲಿಗೆಗೆ ಚುರುಕ್ಕೆಂದಿತು.

"ಉಪ್ಪು ಹಾಕೋದು ಮರೆತಿದೀರ ಅತ್ತೆ" ಎಂದೆ.

ಅತ್ತೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು.